ದೊಡ್ಡ ಗರಗಸ ಊರಿಗೊಂದು ಸಾಕು



ಏಪ್ರಿಲ್, ಮೇ ತಿಂಗಳ ಬಿರುಗಾಳಿ ಮಳೆ ಸುರಿದುಹೋದ ಮರುದಿನ ಕೆಂಗೇರಿ ಹೋಬಳಿಯ ಯಾವ ಹಳ್ಳಿಗೆ ಹೋದರೂ ಒಂದೇ ನೋಟ. ಬದುವಿನ ಮೇಲಿದ್ದ ಸಿಲ್ವರ್ ಓಕ್ ಮರ ರಾಗಿ ಹೊಲಕ್ಕೆ ಅಡ್ಡಬಿದ್ದಿರುತ್ತದೆ. ಪಂಪ್‌ಸೆಟ್ ಮನೆಯ ಹೆಂಚಿನ ಮೇಲೆ ಹೊಂಗೆಯ ಕೊಂಬೆ ಒರಗಿರುತ್ತದೆ. ಮುಂದಿನ ವಾರ ಬಿತ್ತನೆ ಬೀಜ ಕೇಳಲು ರೈತ ಸಂಪರ್ಕ ಕೇಂದ್ರಕ್ಕೆ ಬಂದವರು, ಬೀಜದ ಮಾತು ಮುಗಿದ ಮೇಲೆ ಮೆಲ್ಲಗೆ ಇನ್ನೊಂದು ಮಾತು ತೆಗೆಯುತ್ತಾರೆ: "ಸಾರ್, ಮರ ಕೊಯ್ಯೋ ಮಿಷನ್ನು ಒಂದು ತಗೋಬೇಕು ಅಂತಿದ್ದೀನಿ. ತಗೊಳ್ಳೋದಾದ್ರೆ ದೊಡ್ಡದೇ ತಗೊಂಡುಬಿಡಲಾ?"

ಈ ಪ್ರಶ್ನೆ ಹೆಚ್ಚಾಗಲು ಕಾರಣವುಂಟು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ ಬೆಂಗಳೂರು, ಕೋಲಾರ ಸೀಮೆಯ ರೈತರು ಹೊಲಗಳಲ್ಲಿ ನೀಲಗಿರಿ ಹಾಕಿದರು. ಅಂತರ್ಜಲದ ಚಿಂತೆಯಿಂದ 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಇದ್ದ ತೋಪುಗಳನ್ನು ತೆಗೆದು ಮಾವು, ರಾಗಿ, ಮೇವಿನ ಬೆಳೆಗೆ ತಿರುಗುವವರು ಒಂದು ಕಡೆ, ಬಡಾವಣೆಗಾಗಿ ಜಮೀನು ತೆರವು ಮಾಡುವವರು ಇನ್ನೊಂದು ಕಡೆ. ಜೋಡಿ ಗರಗಸ ಎಳೆಯುತ್ತಿದ್ದ ಹಳೆಯ ಕೆಲಸಗಾರರಿಗೆ ವಯಸ್ಸಾಗಿದೆ. ಅವರ ಮಕ್ಕಳು ಕಾರ್ಖಾನೆ, ಮೆಟ್ರೊ, ಮೈಸೂರು ರಸ್ತೆ ಎಂದು ಬೇರೆ ದಾರಿ ಹಿಡಿದಿದ್ದಾರೆ. ಹೀಗಾಗಿ ಯಂತ್ರ ಬೇಕು ಎನ್ನುವುದರಲ್ಲಿ ತಪ್ಪಿಲ್ಲ. ಯಾವ ಯಂತ್ರ, ಎಷ್ಟು ದೊಡ್ಡದು, ಯಾರ ಕೈಗೆ ಎನ್ನುವುದನ್ನು ಮಾತ್ರ ಕೂತು ಯೋಚಿಸಬೇಕು.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಪರಿಚಯದ ರೈತರೊಬ್ಬರ ಜಮೀನಿನಲ್ಲಿ ಹಳೆಯ ಹುಣಸೆ ಮರವೊಂದು ಒಳಗೆ ಟೊಳ್ಳಾಗಿ ದನದ ಕೊಟ್ಟಿಗೆಯ ಕಡೆಗೆ ವಾಲಿತ್ತು. ಅದನ್ನು ತೆಗೆಯಲು ಗರಗಸ ಯಾವುದೆಂದು ಅವರು ಕೇಳಿದಾಗ, "ತಗೊಳ್ಳುವುದಾದರೆ ದೊಡ್ಡದನ್ನೇ ತಗೊಳ್ಳಿ" ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಿದವನು ನಾನೇ. ಅವರು 90 ಸಿಸಿ ಎಂಜಿನ್ನಿನ, 36 ಅಂಗುಲ ಬಾರಿನ ಯಂತ್ರ ತಂದರು. ಬಾಡಿಗೆ ಕೆಲಸಗಾರನನ್ನು ಕರೆಸಿ ಒಂದೇ ದಿನದಲ್ಲಿ ಹುಣಸೆ ಕೆಡವಿಸಿದರು. ಅಲ್ಲಿಗೆ ಆ ಗಾತ್ರದ ಕೆಲಸ ಮುಗಿಯಿತು. ಆಮೇಲೆ ಅದೇ ಯಂತ್ರ ಸೌದೆ ತುಂಡು ಮಾಡಲು, ಸಿಲ್ವರ್ ಓಕ್ ಕೊಂಬೆ ಸವರಲು ಬಳಕೆಯಾಯಿತು. ಒಂದು ಸಂಜೆ ಅವರ ಮಗ, ಇನ್ನೂ ಇಪ್ಪತ್ತೆರಡು ವರ್ಷದ ಹುಡುಗ, ದಣಿದ ಕೈಯಲ್ಲಿ ಕೊಂಬೆ ಕೊಯ್ಯುವಾಗ ಬಾರಿನ ತುದಿ ಹಿಂದಿದ್ದ ಇನ್ನೊಂದು ಕೊಂಬೆಗೆ ತಗುಲಿತು. ಯಂತ್ರ ಮೇಲಕ್ಕೆ ಚಿಮ್ಮಿ ಭುಜಕ್ಕೆ ಬಡಿಯಿತು. ಹುಡುಗ ಬದುಕಿದ. ಆದರೆ ಆ ತೋಳು ಇಂದಿಗೂ ತಲೆಯ ಮೇಲಕ್ಕೆ ಏಳುವುದಿಲ್ಲ. ನೊಗ ಎತ್ತುವಾಗ ಅವನು ಇನ್ನೊಂದು ಕೈ ಚಾಚುವುದನ್ನು ಕಂಡಾಗಲೆಲ್ಲ ನಾನು ಹೇಳಿದ ಒಂದೇ ಮಾತು ನೆನಪಾಗುತ್ತದೆ. ಆ ದಿನ ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ಇಂದು ಬಿಡಿಸಿ ಹೇಳುತ್ತೇನೆ.

ಗರಗಸ ಆರಿಸುವ ಮೊದಲು ಮರ ಅಳೆಯಬೇಕು. ಇದಕ್ಕೆ ಒಂದು ಹಗ್ಗ ಸಾಕು. ಮರದ ಸುತ್ತಳತೆಯನ್ನು ಎಲ್ಲಿ ಕೊಯ್ಯಬೇಕೋ ಅಲ್ಲಿ ಸುತ್ತಿ ಅಳೆದು, ಮೂರು ಚಿಲ್ಲರೆಯಿಂದ ಭಾಗಿಸಿದರೆ ಮರದ ದಪ್ಪ ಸಿಗುತ್ತದೆ. 4 ಅಡಿ ಸುತ್ತಳತೆಯ ಮರದ ದಪ್ಪ ಸುಮಾರು 15 ಅಂಗುಲ. 6 ಅಡಿಯದು 23 ಅಂಗುಲ. 9 ಅಡಿಯದು 34 ಅಂಗುಲ. ಇನ್ನೊಂದು ಮಾತು ನೆನಪಿರಲಿ: ಬಾರಿನ ಉದ್ದ ಮರದ ದಪ್ಪಕ್ಕೆ ಸಮನಾಗಿಯೇ ಇರಬೇಕೆಂದಿಲ್ಲ. ಬಲ್ಲವರು ಎರಡು ಮಗ್ಗುಲಿನಿಂದಲೂ ಕೊಯ್ದು ಬಾರಿನ ಎರಡರಷ್ಟು ದಪ್ಪಕ್ಕೆ ಸ್ವಲ್ಪ ಕಡಿಮೆ ಇರುವ ಮರವನ್ನೂ ಉರುಳಿಸುತ್ತಾರೆ. ಅಂದರೆ 20 ಅಂಗುಲದ ಬಾರ್ 9 ಅಡಿ ಸುತ್ತಳತೆಯ ಮರಕ್ಕೂ ಒದಗುತ್ತದೆ. ನಿಮ್ಮ ಜಮೀನಿನ ಎಲ್ಲ ಮರಗಳನ್ನೂ ಅಳೆದು ನೋಡಿ. ನೀಲಗಿರಿ, ಸಿಲ್ವರ್ ಓಕ್, ತೆಂಗು, ಹೊಂಗೆ ಇವುಗಳಲ್ಲಿ ಹೆಚ್ಚಿನವು 6 ಅಡಿಯ ಒಳಗೇ ಇರುತ್ತವೆ. 15 ಅಡಿ ಸುತ್ತಳತೆಯ, ಅಂದರೆ 57 ಅಂಗುಲ ದಪ್ಪದ ಹುಣಸೆಯೋ ಅರಳಿಯೋ ಊರಿಗೆ ಒಂದೆರಡು. ಅಂಗಡಿಗೆ ಹೋಗುವಾಗ ನಮ್ಮ ಕಣ್ಣ ಮುಂದೆ ನಿಲ್ಲುವುದು ಆ ಒಂದೆರಡು ಮರಗಳೇ; ವರ್ಷವೆಲ್ಲ ನಾವು ಕೊಯ್ಯುವುದು ಉಳಿದವನ್ನು. ತಪ್ಪು ಹುಟ್ಟುವುದು ಇಲ್ಲಿ.

ಎಂಜಿನ್ನಿನ ಗಾತ್ರವನ್ನು ಹೀಗೆ ತಿಳಿದುಕೊಳ್ಳಬಹುದು. 50ರಿಂದ 60 ಸಿಸಿ ಯಂತ್ರಕ್ಕೆ 16ರಿಂದ 20 ಅಂಗುಲದ ಬಾರ್ ಹೊಂದುತ್ತದೆ. ಇದು ಸೌದೆಗೆ, ನೀಲಗಿರಿ ತೋಪಿಗೆ, ಬಿದ್ದ ಕೊಂಬೆಗೆ ಧಾರಾಳ ಸಾಕು. 70 ಸಿಸಿ ಆಸುಪಾಸಿನ ಯಂತ್ರಕ್ಕೆ 20ರಿಂದ 25 ಅಂಗುಲದ ಬಾರ್. ಮಾವು, ಹಲಸು, ಸಾಧಾರಣ ಹುಣಸೆ ತೆಗೆಯುವ ಗುತ್ತಿಗೆಯವನಿಗೆ ದಿನನಿತ್ಯದ ಜೊತೆಗಾರ ಇದೇ. 90 ಸಿಸಿ ಯಂತ್ರ 36 ಅಂಗುಲದ ಬಾರನ್ನು ಎಳೆಯಬಲ್ಲದು. 120 ಸಿಸಿ ಯಂತ್ರಗಳೂ ಇವೆ. ಅವು ಭಾರಿ ದಿಮ್ಮಿಗೆ, ಹಲಗೆ ಸೀಳುವುದಕ್ಕೆ ಹೇಳಿಸಿದವು. ಚಿಕ್ಕ ಎಂಜಿನ್ನಿಗೆ ಉದ್ದ ಬಾರ್ ಹಾಕಿಸಿಕೊಂಡು ದುಡ್ಡು ಉಳಿಸಿದೆ ಎಂದುಕೊಳ್ಳಬೇಡಿ. ಬಡಕಲು ಎತ್ತಿಗೆ ಕಬ್ಬಿನ ಗಾಡಿ ಕಟ್ಟಿದಂತೆ, ಎಂಜಿನ್ನು ಕಾದು ಪಿಸ್ಟನ್ ಸವೆಯುತ್ತದೆ, ಬಾರಿಗೆ ಎಣ್ಣೆಯೂ ತುದಿಯವರೆಗೆ ತಲುಪುವುದಿಲ್ಲ.

ಇನ್ನು ತೂಕ. ಬೆಲೆಪಟ್ಟಿಯಲ್ಲಿ ಬರೆದಿರುವ ತೂಕ ಸಾಮಾನ್ಯವಾಗಿ ಬರಿಯ ಎಂಜಿನ್ನಿನದು. 90 ಸಿಸಿ ಎಂಜಿನ್ನು 7ರಿಂದ 8 ಕಿಲೋ. ಅದಕ್ಕೆ ಉದ್ದ ಬಾರ್, ಚೈನ್, ಪೆಟ್ರೋಲು, ಎಣ್ಣೆ ಸೇರಿದರೆ ಕೈಗೆ ಬರುವುದು 10–11 ಕಿಲೋ. ಅರ್ಧ ಚೀಲ ಹಿಂಡಿಯನ್ನು ಹೆಗಲ ಮೇಲೆ ಹೊರುವುದು ಬೇರೆ, 11 ಕಿಲೋ ತೂಕವನ್ನು ಮುಂದಕ್ಕೆ ಚಾಚಿ, ನಡುಗುತ್ತಿರುವಾಗ, ಗಂಟೆಗಟ್ಟಲೆ ಹತೋಟಿಯಲ್ಲಿ ಇಡುವುದು ಬೇರೆ. ಪೂರ್ತಿ ವೇಗದಲ್ಲಿ ಚೈನು ಸೆಕೆಂಡಿಗೆ 20 ಮೀಟರಿಗಿಂತ ಹೆಚ್ಚು ಓಡುತ್ತದೆ, ಅಂದರೆ ಗಂಟೆಗೆ 70 ಕಿಲೋಮೀಟರಿಗೂ ಮೇಲೆ. ಕೈ ಸೋತ ಮೇಲೆ ಆ ಹಲ್ಲುಗಳು ಎತ್ತ ತಿರುಗುತ್ತವೆಂದು ಹೇಳಲಾಗದು. ಬಾರಿನ ಮೂಗಿನ ಮೇಲ್ಭಾಗ ಯಾವುದಕ್ಕಾದರೂ ತಗುಲಿದರೆ ಯಂತ್ರ ರೆಪ್ಪೆ ಬಡಿಯುವುದರೊಳಗೆ ಮುಖದತ್ತ ಚಿಮ್ಮುತ್ತದೆ. ಬಾರು ಉದ್ದವಾದಷ್ಟೂ ಅದರ ತುದಿ ಕಣ್ಣಿಗೆ ದೂರ. ನಾನು ಹೇಳಿದ ಹುಡುಗನಿಗೆ ಆದದ್ದು ಇದೇ.

ಆದ್ದರಿಂದ ಅಂಗಡಿಯಲ್ಲಿ ಬಣ್ಣ, ಸದ್ದು ನೋಡುವ ಮೊದಲು ಈ ಭಾಗಗಳನ್ನು ಮುಟ್ಟಿ ನೋಡಿ. ಮುಂದಿನ ಹಿಡಿಯ ಎದುರಿಗಿರುವ ಚೈನ್ ಬ್ರೇಕ್; ಯಂತ್ರ ಚಿಮ್ಮಿದಾಗ ಚೈನನ್ನು ತಟ್ಟನೆ ನಿಲ್ಲಿಸುವ ಈ ಸಾಧನ 1970ರ ದಶಕದಲ್ಲಿ ಬಳಕೆಗೆ ಬಂದು ಎಷ್ಟೋ ಜೀವ ಉಳಿಸಿದೆ. ಇದಿಲ್ಲದ ಯಂತ್ರ ಪುಕ್ಕಟೆ ಕೊಟ್ಟರೂ ಬೇಡ. ಚೈನು ಹರಿದರೆ ಹಿಡಿದುಕೊಳ್ಳುವ ಕೊಕ್ಕೆ, ಹಿಂದಿನ ಹಿಡಿಗೆ ಅಗಲವಾದ ಕೈಕಾವಲು, ಬೆರಳು ಜಾರಿ ಒತ್ತಿದರೆ ವೇಗ ಏರದಂತೆ ತಡೆಯುವ ಬೀಗ, ಹಿಡಿಗೂ ಎಂಜಿನ್ನಿಗೂ ನಡುವೆ ನಡುಕ ತಡೆಯುವ ಸ್ಪ್ರಿಂಗು ಅಥವಾ ರಬ್ಬರು ಇವೆಲ್ಲ ಇರಲೇಬೇಕು. ನಡುಕ ವರ್ಷಗಟ್ಟಲೆ ಕೈಗೆ ಹತ್ತಿದರೆ ಬೆರಳು ಬಿಳಿಚಿ ಮರಗಟ್ಟುವ ಕಾಯಿಲೆ ಬರುತ್ತದೆ. ದೊಡ್ಡ ಎಂಜಿನ್ನಾದರೆ ಹಗ್ಗ ಎಳೆಯುವಾಗ ಒತ್ತಡ ಬಿಡುವ ಗುಂಡಿ ಇದೆಯೇ ನೋಡಿ. ಇಲ್ಲದಿದ್ದರೆ ಎಳೆದ ಕೈಯನ್ನೇ ಅದು ಜಗ್ಗುತ್ತದೆ. ಯಂತ್ರವನ್ನು ಚಾಲು ಮಾಡಿಸಿ, ಬ್ರೇಕ್ ಬಿಡಿಸಿ, ವೇಗ ಕೊಡದೆ ನೆಲದ ಮೇಲಿಟ್ಟಾಗ ಚೈನು ಅಲುಗಬಾರದು. ಸಿಸಿ ಎಷ್ಟೆಂದು ಹೇಳುವ ಅಂಗಡಿಯವನನ್ನು ಕಿಲೋವ್ಯಾಟ್ ಎಷ್ಟೆಂದೂ ಕೇಳಿ. ಮೈಮೇಲೆ ಅಂಟಿಸಿದ ಸಿಸಿ ಚೀಟಿ ಸುಳ್ಳಾಡುವ ನಕಲಿ ಮಾಲು ಪೇಟೆಯಲ್ಲಿ ಇದೆ. ಬಿಲ್ಲು, ಗ್ಯಾರಂಟಿ ಚೀಟಿ, ಬಿಡಿಭಾಗ ಸಿಗುವ ಜಾಗ ಮೂರನ್ನೂ ಖಚಿತ ಮಾಡಿಕೊಳ್ಳಿ. ಏರ್ ಫಿಲ್ಟರಿಗಾಗಿ ತಿಂಗಳು ಕಾಯಬೇಕಾದ ಯಂತ್ರ ಎಷ್ಟು ಬಲಶಾಲಿಯಾದರೇನು? ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರು ಮೇಲಿರುವುದರಿಂದ ಗಾಳಿ ತುಸು ತೆಳು. ಕಾರ್ಬೊರೇಟರನ್ನು ಇಲ್ಲಿಯೇ ಹೊಂದಿಸಿ ಕೊಡುವಂತೆ ಕೇಳುವುದು ಒಳ್ಳೆಯದು.

ಚೈನಿನ ವಿಷಯದಲ್ಲಿ ಒಂದು ಕಥೆ ಹೇಳಬೇಕು. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಚೈನ್ ಗರಗಸ ತಯಾರಿಸಿದಾಗ ಅದರ ತೂಕ ಸುಮಾರು 48 ಕಿಲೋ. ಹಿಡಿಯಲು ಇಬ್ಬರು ಬೇಕು. ಎಂಜಿನ್ನು ಬರಬರುತ್ತ ಹಗುರಾದರೂ ಚೈನಿನ ಹಲ್ಲು ಮಾತ್ರ ಬಹುಕಾಲ ಹಳೆಯ ಕೈಗರಗಸದಂತೆಯೇ ಇತ್ತು, ಬೇಗ ಮೊಂಡಾಗುತ್ತಿತ್ತು. 1946ರಲ್ಲಿ ಅಮೆರಿಕದ ಆರಿಗನ್ ಸೀಮೆಯ ಮರಗೆಲಸಗಾರ ಜೋಸೆಫ್ ಕಾಕ್ಸ್ ಒಂದು ಕೊರಡಿನೊಳಗೆ ಮರ ಕೊರೆಯುವ ದುಂಬಿಯ ಮರಿಹುಳುವನ್ನು ಕಂಡ. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಯಿ ಆಡಿಸುತ್ತ ಗಟ್ಟಿ ಮರವನ್ನು ಸಲೀಸಾಗಿ ತಿನ್ನುತ್ತಿತ್ತು. ಅದರ ದವಡೆಯನ್ನು ನೋಡಿ ಅವನು ಎಡಬಲ ಕೊಕ್ಕೆಹಲ್ಲಿನ ಚೈನು ರೂಪಿಸಿದ. ಇಂದಿನ ಚೈನುಗಳೆಲ್ಲ ಅದರ ಸಂತಾನವೇ. ಮಾವಿನ ಕಾಂಡ ಕೊರೆಯುವ ಹುಳುವನ್ನು ಶಪಿಸುವ ನಾವು ಇದೊಂದು ಉಪಕಾರಕ್ಕೆ ಅದರ ಬಳಗವನ್ನು ನೆನೆಯಬಹುದು. ಹುಳು ಕಲಿಸಿದ ಪಾಠ ಬಲದ್ದಲ್ಲ, ಹರಿತದ್ದು. ಮೊಂಡು ಚೈನಿನ 90 ಸಿಸಿಗಿಂತ ಹರಿತ ಚೈನಿನ 60 ಸಿಸಿ ಮೇಲು. ಕೊಯ್ಯುವಾಗ ಚಕ್ಕೆ ಉದುರಿದರೆ ಚೈನು ಹರಿತ. ಹಿಟ್ಟಿನಂಥ ಪುಡಿ ಬಂದರೆ ಮೊಂಡು. ಪ್ರತಿ ಸಲ ಪೆಟ್ರೋಲು ತುಂಬುವಾಗ ದುಂಡನೆಯ ಅರದಿಂದ ಹಲ್ಲಿಗೆ ಎರಡು ಮೂರು ಎಳೆತ ಕೊಡಿ. 3/8 ಅಂಗುಲ ಅಳತೆಯ ಚೈನಿಗೆ ಸಾಮಾನ್ಯವಾಗಿ 5.2 ಮಿಲಿಮೀಟರಿನ ಅರ. ಮಣ್ಣಿಗೆ, ಕಲ್ಲಿಗೆ, ರಸ್ತೆ ಬದಿಯ ಮರಕ್ಕೆ ಹೊಡೆದ ಮೊಳೆಗೆ ತಾಗಿದರೆ ಒಂದು ಕ್ಷಣದಲ್ಲಿ ಹರಿತವೆಲ್ಲ ಹೋಯಿತು. ಇದೇ ಕಾರಣಕ್ಕೆ ನೀಲಗಿರಿಯನ್ನು ನೆಲಮಟ್ಟಕ್ಕೆ ಕೊಯ್ಯಲು ಹೋಗಬೇಡಿ. ನೀಲಗಿರಿ ಬುಡದಿಂದ ಮತ್ತೆ ಚಿಗುರುವ ಮರ. ಬೇರು ಕೀಳಿಸದೆ ಕೆಲಸ ಮುಗಿಯದು. ಸೊಂಟದೆತ್ತರದ ಬೊಡ್ಡೆ ಬಿಟ್ಟರೆ ಜೆಸಿಬಿಗೆ ಹಿಡಿದು ಕೀಳಲು ಅನುಕೂಲ. ಬೇರು ಕೀಳುವ ಕೆಲಸಕ್ಕೆ ಎಷ್ಟು ದೊಡ್ಡ ಗರಗಸ ತಂದರೂ ಪ್ರಯೋಜನವಿಲ್ಲ.

ಎಣ್ಣೆಯ ಮಾತನ್ನೂ ಹೇಳಿಬಿಡುತ್ತೇನೆ. ಇವು ಟೂ ಸ್ಟ್ರೋಕ್ ಎಂಜಿನ್ನುಗಳು. ಹೆಚ್ಚಿನ ಯಂತ್ರಗಳಿಗೆ 5 ಲೀಟರ್ ಪೆಟ್ರೋಲಿಗೆ 100 ಮಿಲಿಲೀಟರ್ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆ. ನಿಮ್ಮ ಯಂತ್ರದ ಕೈಪಿಡಿ ಬೇರೆ ಹೇಳಿದರೆ ಅದರಂತೆ ನಡೆಯಿರಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ಹಳೆಯದಾದರೆ ಕಾರ್ಬೊರೇಟರಿನ ರಬ್ಬರು ಪೊರೆಗಳನ್ನು ಕೆಡಿಸುತ್ತದೆ. ಯಂತ್ರಕ್ಕೆ ಎಷ್ಟು ಎಥನಾಲ್ ತಡೆಯುತ್ತದೆಂದು ಕೈಪಿಡಿಯಲ್ಲಿ ನೋಡಿ. ಬೆರಸಿದ ಪೆಟ್ರೋಲನ್ನು ತಿಂಗಳಿಗಿಂತ ಹೆಚ್ಚು ಇಡಬೇಡಿ. ಕೆಲಸ ಇಲ್ಲದ ತಿಂಗಳುಗಳಲ್ಲಿ ಟ್ಯಾಂಕು ಬರಿದು ಮಾಡಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ವರ್ಷಕ್ಕೆ ಎರಡು ದಿನ ದುಡಿದು ಉಳಿದ ದಿನ ಅಟ್ಟದ ಮೇಲೆ ಕೂರುವ ದೊಡ್ಡ ಗರಗಸ ಕೆಡುವುದು ದುಡಿಮೆಯಿಂದಲ್ಲ, ಈ ನಿಂತ ಪೆಟ್ರೋಲಿನಿಂದ.

ಯಂತ್ರದ ಬೆಲೆಯ ಜೊತೆಗೆ ಮೈಗಾವಲಿನ ಬೆಲೆಯನ್ನೂ ಕೂಡಿಸಿ ಲೆಕ್ಕ ಹಾಕಿ. ಬಲೆಯ ಮುಖಪರದೆ ಮತ್ತು ಕಿವಿಮುಚ್ಚಳ ಇರುವ ಟೋಪಿ, ಬೂಟು, ಕೈಗವಸು, ಹಾಗೂ ಗರಗಸದ ಕೆಲಸಕ್ಕೆಂದೇ ತಯಾರಿಸಿದ ಕಾಲುಗವಸು. ಈ ಕಾಲುಗವಸಿನೊಳಗೆ ಪದರ ಪದರವಾಗಿ ಉದ್ದನೆಯ ನೂಲಿರುತ್ತದೆ; ಚೈನು ತಗುಲಿದರೆ ನೂಲು ಸ್ಪ್ರಾಕೆಟ್ಟಿಗೆ ಸುತ್ತಿಕೊಂಡು ಚೈನನ್ನು ನಿಲ್ಲಿಸುತ್ತದೆ. ದೊಡ್ಡ ಯಂತ್ರಗಳ ಮುಂದೆ ಇದೂ ಪೂರ್ತಿ ತಡೆಯಲಾರದು, ಆದರೆ ಕಾಲು ಉಳಿಯುವುದಕ್ಕೂ ಹೋಗುವುದಕ್ಕೂ ಇರುವ ಅಂತರ ಅಷ್ಟರಲ್ಲಿಯೇ ಇರಬಹುದು. ಪಂಚೆ ಮೇಲೆತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ನಿಂತು ಮರ ಕೊಯ್ಯುವುದನ್ನು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕಾಣುತ್ತೇವೆ. ಮೈಗಾವಲಿಗೆ ದುಡ್ಡು ಸಾಲದಾದರೆ ಯಂತ್ರವನ್ನು ಒಂದು ಮೆಟ್ಟಿಲು ಚಿಕ್ಕದು ಮಾಡಿಕೊಳ್ಳಿ.

ಗಾಳಿಗೆ ಬಿದ್ದ ಮರವನ್ನು ಕೊಯ್ಯುವುದು ನಿಂತ ಮರಕ್ಕಿಂತ ಕಷ್ಟ ಎಂಬುದು ತಿಳಿದಿರಲಿ. ಬಾಗಿ ಬಿಗಿದ ಕೊಂಬೆ ಕೊಯ್ದೊಡನೆ ಬಿಲ್ಲಿನಂತೆ ಹೊಡೆಯುತ್ತದೆ. ಕಾಂಡ ಕೊಯ್ದೊಡನೆ ಎದ್ದುನಿಂತ ಬೇರಿನ ಗಡ್ಡೆ ಧೊಪ್ಪನೆ ಹಿಂದಕ್ಕೆ ಕೂರಬಹುದು. ನಿಂತ ಮರಕ್ಕಾದರೆ ಬೀಳಬೇಕಾದ ದಿಕ್ಕಿಗೆ ದಪ್ಪದ ಕಾಲು ಭಾಗದಷ್ಟು ಕಚ್ಚು, ಹಿಂದಿನಿಂದ ಕೊಯ್ಯುವಾಗ ಹತ್ತರಲ್ಲೊಂದು ಭಾಗದಷ್ಟು ಕೀಲು ಬಿಡುವುದು, ಓಡಿಹೋಗಲು ಹಿಂದೆ ಓರೆಯಾಗಿ ದಾರಿ ಸವರಿಟ್ಟುಕೊಳ್ಳುವುದು, ಮರದ ಎತ್ತರದ ಎರಡರಷ್ಟು ದೂರಕ್ಕೆ ಜನ, ದನ, ಮಕ್ಕಳನ್ನು ಕಳಿಸುವುದು ಇಷ್ಟನ್ನು ಬಲ್ಲವರ ಜೊತೆಯಲ್ಲಿ ನಿಂತೇ ಕಲಿಯಬೇಕು, ಓದಿ ಅಲ್ಲ. ತಂತಿಯ ಮೇಲೆ ಮರ ಬಿದ್ದಿದ್ದರೆ ಯಂತ್ರ ಮುಟ್ಟಬೇಡಿ. 1912ಕ್ಕೆ ಫೋನು ಮಾಡಿ ಬೆಸ್ಕಾಂನವರು ವಿದ್ಯುತ್ ನಿಲ್ಲಿಸಿದ್ದನ್ನು ಖಚಿತಪಡಿಸಿಕೊಳ್ಳಿ.

ಮರ ನಮ್ಮದೇ ಆದರೂ ಕಾನೂನು ಒಂದುಂಟು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ; ಹುಣಸೆ, ಹಲಸು, ಆಲ, ಅರಳಿಗೆ ಕೈ ಹಾಕುವ ಮುನ್ನ ಹಳ್ಳಿಯವರು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ, ಪಾಲಿಕೆಯ ಗಡಿಯೊಳಗೆ ಬಂದವರು ಪಾಲಿಕೆಯ ಅರಣ್ಯ ವಿಭಾಗದಲ್ಲಿ ವಿಚಾರಿಸಿಕೊಳ್ಳಬೇಕು. ಕಡಿಯಲೇಬೇಕೇ ಎಂದೂ ಒಮ್ಮೆ ಕೇಳಿಕೊಳ್ಳಿ. ರಾಮೋಹಳ್ಳಿ ಪಕ್ಕದ ಕೇತೋಹಳ್ಳಿಯ ದೊಡ್ಡ ಆಲದ ಮರವನ್ನು ನೋಡಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ನಾನೂರು ವರ್ಷದ್ದೆನ್ನುವ ಆ ಮರದ ತಾಯಿಬೊಡ್ಡೆ ರೋಗ ಬಂದು ಎಂದೋ ಹೋಯಿತು. ಆದರೂ ಬಿಳಲುಗಳೇ ಕಂಬಗಳಾಗಿ ಮೂರು ಎಕರೆಗೆ ನೆರಳು ಕೊಡುತ್ತಿವೆ. ಒಂದು ಕೊಂಬೆ ಒಣಗಿದ ಮಾತ್ರಕ್ಕೆ ಮರವೆಲ್ಲ ಹೋಯಿತೆಂದು ಗರಗಸ ಹುಡುಕುವುದು ಬೇಡ.

ಇಷ್ಟೆಲ್ಲ ಆದ ಮೇಲೂ ಊರಿನಲ್ಲಿ ದೊಡ್ಡ ಗರಗಸದ ಅಗತ್ಯ ಇದ್ದೇ ಇದೆ. ಆದರೆ ಅದು ಮನೆಗೊಂದು ಬೇಕಿಲ್ಲ, ಊರಿಗೊಂದು ಸಾಕು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ಹಿರಿಯರು ಹೇಳಿದ್ದು ಇಂಥದ್ದಕ್ಕೇ. ಮನೆ ಮಟ್ಟಿಗೆ ಬೇಕೆನ್ನುವವರು 50–60 ಸಿಸಿಯದನ್ನು ಇಟ್ಟುಕೊಳ್ಳಲಿ. ಕೊಂಬೆ ಸವರುವುದಕ್ಕಷ್ಟೇ ಆದರೆ ಬ್ಯಾಟರಿ ಗರಗಸವೂ ಆದೀತು. 90 ಸಿಸಿಯ ಒಂದು ಒಳ್ಳೆಯ ಯಂತ್ರವನ್ನು, ಎರಡು ಬಾರು, ನಾಲ್ಕು ಚೈನು, ಪೂರ್ತಿ ಮೈಗಾವಲು ಸಮೇತ, ಹಾಲು ಉತ್ಪಾದಕರ ಸಂಘವೋ ರೈತ ಉತ್ಪಾದಕರ ಸಂಸ್ಥೆಯೋ ಸೇರಿ ಕೊಳ್ಳಲಿ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದೆಯೇ, ಇಲಾಖೆಯಿಂದ ನೆರವು ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಸಂಘದ ಯಂತ್ರಕ್ಕೆ ನಾಲ್ಕು ಕಟ್ಟುಪಾಡು ಇರಲಿ. ಒಂದು, ತರಬೇತಿ ಪಡೆದ ಒಬ್ಬಿಬ್ಬರ ಹೊರತು ಬೇರೆ ಯಾರ ಕೈಗೂ ಯಂತ್ರ ಹೋಗಕೂಡದು. ಮರ ಯಾರದಾದರೂ ಕೊಯ್ಯುವ ಕೈ ಅದೇ. ಎರಡು, ಯಂತ್ರ ಹೊರಟಾಗ ಮೈಗಾವಲೂ ಜೊತೆಗೇ ಹೊರಡಬೇಕು, ಕೊಯ್ಯುವವನ ಜೊತೆ ಇನ್ನೊಬ್ಬ ಸಹಾಯಕನಿರಬೇಕು. ಮೂರು, ಯಾವ ದಿನ, ಯಾರ ಮರ, ಎಷ್ಟು ಗಂಟೆ ಎಂಬುದನ್ನು ಪುಸ್ತಕದಲ್ಲಿ ಬರೆಯಬೇಕು. ನಾಲ್ಕು, ಬಾಡಿಗೆಯಲ್ಲಿ ಒಂದು ಪಾಲು ಚೈನು ಮತ್ತು ರಿಪೇರಿಗೆ, ಇನ್ನೊಂದು ಪಾಲು ಕೊಯ್ಯುವವನ ವಿಮೆಗೆ ತೆಗೆದಿಡಬೇಕು. ವಿಮೆ ಏಕೆಂದು ಕೇಳುವವರಿಗೆ ಆ ಹುಡುಗನ ತೋಳನ್ನು ತೋರಿಸಬಲ್ಲೆ.

ಸಂಘದ ಯಂತ್ರ ಯಾರಿಗೂ ತನ್ನದೆನಿಸದೆ ಬೇಗ ಹಾಳಾಗುತ್ತದೆ ಎಂಬ ಆಕ್ಷೇಪಣೆ ಉಂಟು. ಅದು ನಿಜವೇ. ಹಾಗೆಂದೇ ಪುಸ್ತಕ, ಹಾಗೆಂದೇ ಒಂದೇ ಕೈ. ಹಾಲು ಅಳೆಯುವ ಯಂತ್ರವನ್ನು ವರ್ಷಗಟ್ಟಲೆ ನೆಟ್ಟಗೆ ಇಟ್ಟುಕೊಂಡ ಸಂಘಗಳು ನಮ್ಮ ಹೋಬಳಿಯಲ್ಲಿವೆ; ಅವಕ್ಕೆ ಗರಗಸ ಹೆಚ್ಚಿನ ಭಾರವಲ್ಲ.

ವಾಚನಾಲಯದಲ್ಲಿ ಕೂತು ಇದನ್ನು ಓದುತ್ತಿರುವ ಬಂಧುಗಳಲ್ಲಿ ಒಂದು ಕೋರಿಕೆ. ಈ ವಾರ ಯಾವ ಅಂಗಡಿಗೂ ಹೋಗಬೇಡಿ. ಒಂದು ಹಗ್ಗ ತೆಗೆದುಕೊಂಡು ನಿಮ್ಮ ಜಮೀನಿಗೆ ಹೋಗಿ, ತೆಗೆಯಲೇಬೇಕಾದ ಮರಗಳ ಸುತ್ತಳತೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಊರಿನ ಹತ್ತು ಜನರ ಚೀಟಿಗಳನ್ನು ಇದೇ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಎಷ್ಟು ದೊಡ್ಡ ಗರಗಸ ಬೇಕು, ಎಷ್ಟು ಗರಗಸ ಬೇಕು ಎಂಬುದನ್ನು ಆ ಚೀಟಿಗಳೇ ಹೇಳುತ್ತವೆ. ಆಮೇಲೆ ನನ್ನನ್ನು ಕೇಳಿ. ಈ ಸಲ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಕಳಿಸುವುದಿಲ್ಲ.